ಸೂರ್ಯಕಾಂತಿ, ಜೋಳದ ಹೊಲದ ಹಕ್ಕಿ ಕಾವಲಿಗೆ ಡ್ರೋನ್: ನಾಲ್ಕು ಮನೆಯವರು ಸೇರಿ ಕೊಳ್ಳಬಹುದೇ?

ಕುಷ್ಟಗಿ ಬೆಳೆಗಾರ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಮ್ಮ ಊರಿನಲ್ಲಿ ಈಗ ಸೂರ್ಯಕಾಂತಿ ಬಿತ್ತುವವರು ನಾವು ನಾಲ್ಕು ಮನೆಯವರು ಮಾತ್ರ. ಉಳಿದವರು ಮೆಕ್ಕೆಜೋಳಕ್ಕೂ ತೊಗರಿಗೂ ಹೊರಳಿದ್ದಾರೆ. ಬಿಟ್ಟವರನ್ನು ಕೇಳಿದರೆ ಬೆಲೆ, ರೋಗ, ಮಳೆ ಎಂದು ಹಲವು ಕಾರಣ ಹೇಳುತ್ತಾರಾದರೂ ಮಾತು ಕೊನೆಗೆ ಬಂದು ನಿಲ್ಲುವುದು ಗಿಳಿಯ ಹತ್ತಿರವೇ. ಕಾಳು ಹಾಲುಗಟ್ಟುವ ಹೊತ್ತಿಗೆ, ಬೆಳಗಿನ ಬಿಸಿಲು ಏರುವ ಮುನ್ನವೇ ಹಿಂಡು ಬಂದು ಇಳಿಯುತ್ತದೆ. ಗಿಳಿ ಹೂವಿನ ಅಂಚಿನಲ್ಲಿ ಕಾಲೂರಿ, ತಲೆ ಬಗ್ಗಿಸಿ, ಹೊರಸುತ್ತಿನಿಂದ ಒಂದೊಂದೇ ಕಾಳು ಕಿತ್ತು, ಸಿಪ್ಪೆಯನ್ನು ಕೆಳಗಿನ ಎಲೆಯ ಮೇಲೆ ಉದುರಿಸಿ, ಹೂ ಅರ್ಧವಾಗುವ ಮುನ್ನವೇ ಮುಂದಿನ ಗಿಡಕ್ಕೆ ಹಾರುತ್ತದೆ. ಅದು ತಿಂದದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು.

ಹಿಂದೆ ಮಂಚಿಕೆ ಹಾಕಿ, ಮನೆಯ ಮಕ್ಕಳನ್ನೋ ಆಳನ್ನೋ ಕೂರಿಸಿ, ಕವಣೆಯಿಂದ ಕಾಯುತ್ತಿದ್ದೆವು. ಈಗ ಮಕ್ಕಳು ಶಾಲೆಗೆ ಹೋಗುತ್ತಾರೆ, ಹೋಗಲೇಬೇಕು ಕೂಡ. ಆಳುಗಳಂತೂ ಆ ಕೆಲಸಕ್ಕೆ ಬರುವುದೇ ಇಲ್ಲ. ಆದ್ದರಿಂದ ನಾಲ್ವರೂ ಹಣ ಹಾಕಿ ಕ್ಯಾಮೆರಾ ಇರುವ ಸಣ್ಣ ಡ್ರೋನ್ ಒಂದನ್ನು ಕೊಂಡು ಸರದಿಯ ಮೇಲೆ ಹಾರಿಸಿದರೆ ಹೇಗೆ ಎಂಬ ಯೋಚನೆ ಬಂದಿದೆ. ಇನ್ನೊಬ್ಬರು, ಪಕ್ಕದ ಊರಿನ ಸ್ವಸಹಾಯ ಸಂಘದ ಅಕ್ಕನವರ ಬಳಿ ಔಷಧಿ ಸಿಂಪಡಿಸುವ ಡ್ರೋನ್ ಇದೆ, ಅದನ್ನೇ ಬಾಡಿಗೆಗೆ ತರೋಣ ಎನ್ನುತ್ತಿದ್ದಾರೆ. ಬಳಸಿ ನೋಡಿದವರು ದಯವಿಟ್ಟು ಬರೆಯಿರಿ. ಹಿಂಗಾರಿ ಜೋಳವೂ ಪಕ್ಕದಲ್ಲೇ ಇರುವುದರಿಂದ ಗೀಜಗ, ಗುಬ್ಬಿ, ರಾಟವಾಳಗಳ ಕಾಟವೂ ಇದೆ ಎಂಬುದನ್ನು ಗಮನದಲ್ಲಿಟ್ಟುಕೊಂಡು ಹೇಳಿ.

ತಿಕೋಟಾ ದ್ರಾಕ್ಷಿ

ನಮಸ್ಕಾರ ಅಣ್ಣಾವರೆ. ನಾನು ಬೆಳೆಯುವುದು ದ್ರಾಕ್ಷಿ, ಆದ್ದರಿಂದ ನನ್ನ ಅನುಭವ ನಿಮ್ಮ ಹೊಲಕ್ಕೆ ಪೂರ್ತಿಯಾಗಿ ಹೊಂದಲಾರದು. ನಮ್ಮಲ್ಲಿ ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವ ಕೆಲಸದ) ನಂತರ ಜನವರಿಯಿಂದಾಚೆಗೆ ಕಾಯಿಗೆ ಸಿಹಿ ಏರಲು ತೊಡಗುತ್ತದೆ, ಆಗಿನಿಂದ ಕಟಾವಿನವರೆಗೂ ಹಕ್ಕಿ ಕಾಯಬೇಕು. ನಮ್ಮ ತೋಟಕ್ಕೆ ಬರುವವರು ಮೂರು ಬಗೆ: ಗೊರವಂಕ, ಪಿಕಳಾರ, ಮತ್ತು ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಗುಲಾಬಿ ಮೈನಾ. ಈ ಮೂರೂ ಡ್ರೋನಿಗೆ ಒಂದೇ ರೀತಿ ಹೆದರುವುದಿಲ್ಲ ಎಂಬುದೇ ನಾನು ಹೇಳಬೇಕಾದ ಮುಖ್ಯ ಮಾತು.

ಗುಲಾಬಿ ಮೈನಾಗಳು ದೊಡ್ಡ ಹಿಂಡಿನಲ್ಲಿ ಇರುವುದರಿಂದ ಡ್ರೋನ್ ಎದ್ದ ಕೂಡಲೇ ಒಂದು ಹಕ್ಕಿ ಹಾರಿದರೂ ಸಾಕು, ಇಡೀ ಹಿಂಡು ಏಳುತ್ತದೆ. ಗೊರವಂಕಗಳು ಹಾರಿ ತೋಟದಂಚಿನ ಬೇವಿನ ಮರದಲ್ಲಿ ಕುಳಿತು, ಡ್ರೋನ್ ಇಳಿಯುವುದನ್ನೇ ನೋಡುತ್ತಿದ್ದು, ಮತ್ತೆ ಬರುತ್ತವೆ. ಪಿಕಳಾರದ ಕಥೆಯೇ ಬೇರೆ. ಅದು ಹಾರುವುದೇ ಇಲ್ಲ. ಚಪ್ಪರದ ಎಲೆಗಳ ಅಡಿಗೆ ಸರಿದು ಸುಮ್ಮನೆ ಕೂರುತ್ತದೆ. ಮೇಲೆ ಡ್ರೋನ್ ಗುಂಯ್‌ಗುಟ್ಟುತ್ತಿರುವಾಗ ಕೆಳಗೆ ನಡೆದು ಹೋಗಿ ನೋಡಿದರೆ ಗೊಂಚಲಿನ ಹಿಂದೆ ಅದರ ಬಾಲದ ಬುಡದ ಕೆಂಪು ಮಾತ್ರ ಕಾಣುತ್ತದೆ. ಆ ಹಕ್ಕಿಗೆ ನಮ್ಮಲ್ಲಿ ಉಪಯೋಗಕ್ಕೆ ಬಂದದ್ದು ಬಲೆ ಒಂದೇ.

ಸಿಂಪಡಣೆಯ ಡ್ರೋನನ್ನು ಈ ಕೆಲಸಕ್ಕೆ ತರಬೇಡಿ ಎಂಬುದು ನನ್ನ ಸಲಹೆ. ಅದು ಭಾರವಾದ ಯಂತ್ರ, ಒಂದು ಬ್ಯಾಟರಿಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಬಲಿತ ಹೂವಿನ ಮೇಲೆ ಕೆಳಮಟ್ಟದಲ್ಲಿ ಹಾರಿಸಿದರೆ ಅದರ ಗಾಳಿಗೇ ಗಿಡ ಒರಗುತ್ತದೆ.

ಧಾರವಾಡ ಪಕ್ಷಿವೀಕ್ಷಕಿ

ತಿಕೋಟಾದವರು ಹೇಳಿದ ಪಿಕಳಾರದ ವಿಷಯ ಬಹಳ ಸರಿಯಾದ ಗಮನಿಕೆ. ಆಸ್ಟ್ರೇಲಿಯಾದಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು ದ್ರಾಕ್ಷಿ ತೋಟಗಳಲ್ಲಿ ಪ್ರಯೋಗ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಇಂಥದೇ ಅನುಭವ ದಾಖಲಾಗಿದೆ. ಅವರು ಡ್ರೋನಿನ ಕೆಳಗೆ ಹದಮಾಡಿದ ಸತ್ತ ಕಾಗೆಯನ್ನು ತೂಗುಹಾಕಿ, ಸಿಕ್ಕಿಬಿದ್ದ ಹಕ್ಕಿಯ ಆರ್ತ ಕೂಗನ್ನು ಧ್ವನಿವರ್ಧಕದಲ್ಲಿ ಕೇಳಿಸಿ ಹಾರಿಸಿದರು. ಕಾಗೆ, ಕಾಕಟೂಗಳಂಥ ದೊಡ್ಡ ಹಕ್ಕಿಗಳು ಹೆದರಿ ದೂರ ಹೋದವು. ಆದರೆ ಬಳ್ಳಿಯೊಳಗೆ ಅಡಗುವ ಸಣ್ಣ ಬೆಳ್ಗಣ್ಣ ಜಾತಿಯ ಹಕ್ಕಿಗಳನ್ನು ಎಬ್ಬಿಸುವುದು ಕಷ್ಟವಾಯಿತು. ಅಮೆರಿಕದ ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯದವರು ಸಣ್ಣ ಡ್ರೋನುಗಳನ್ನು ನಿಗದಿತ ದಾರಿಯಿಲ್ಲದೆ ಮನಬಂದಂತೆ ಹಾರಿಸಿದಾಗ ತೋಟದಲ್ಲಿ ಕಾಣುವ ಹಕ್ಕಿಗಳ ಸಂಖ್ಯೆ ಸುಮಾರು ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯಿತೆಂದೂ, ಹಣ್ಣಿನ ಹಾನಿ ಅರ್ಧದಷ್ಟು ತಗ್ಗಿತೆಂದೂ ಹೇಳಿದ್ದಾರೆ. ಇಲ್ಲಿ ನಿಗದಿತ ದಾರಿಯಿಲ್ಲದೆ ಎಂಬುದೇ ಗಮನಿಸಬೇಕಾದ ಮಾತು. ಪ್ರತಿದಿನ ಒಂದೇ ಹೊತ್ತಿಗೆ, ಒಂದೇ ಎತ್ತರದಲ್ಲಿ, ಬದುವಿನಿಂದ ಬದುವಿಗೆ ಗೆರೆ ಎಳೆದಂತೆ ಹಾರಿಸಿದರೆ, ಆ ವಸ್ತು ತಮ್ಮನ್ನು ಹಿಡಿಯಲು ಬರುವುದಿಲ್ಲ ಎಂಬುದನ್ನು ಗಿಳಿಗಳು ಬೇಗನೆ ಕಲಿತುಬಿಡುತ್ತವೆ.

ನೆದರ್ಲೆಂಡಿನ ಗ್ರೋನಿಂಗನ್ ವಿಶ್ವವಿದ್ಯಾಲಯದ 2022ರ ಅಧ್ಯಯನ ಇದಕ್ಕಿಂತ ಕುತೂಹಲಕರವಾಗಿದೆ. ಅಲ್ಲಿ ಬೈರಿ ಹಕ್ಕಿಯ ರೂಪ, ಬಣ್ಣಗಳಿರುವ ಯಂತ್ರವೊಂದನ್ನು ಮಾಡಿ, ನೆಲದಿಂದ ಒಬ್ಬರು ನಡೆಸುತ್ತ, ನಿಜವಾದ ಬೈರಿಯಂತೆ ಹಿಂಡಿನ ಮೇಲೆ ಎರಗಿಸಿದರು. ಐದು ನಿಮಿಷದೊಳಗೆ ಎಲ್ಲ ಹೊಲಗಳೂ ಖಾಲಿಯಾದವು. ಅರ್ಧದಷ್ಟು ಕಡೆ 70 ಸೆಕೆಂಡಿನೊಳಗೇ ಖಾಲಿಯಾದವು. ಅದೇ ಐದು ನಿಮಿಷದಲ್ಲಿ ಸಾಮಾನ್ಯ ಡ್ರೋನ್ ಖಾಲಿ ಮಾಡಿಸಿದ್ದು ಶೇ 80ರಷ್ಟು ಕಡೆಗಳಲ್ಲಿ. ಆ ಯಂತ್ರದ ಬ್ಯಾಟರಿ ಬಾಳುವುದು ಕಾಲು ಗಂಟೆ ಮಾತ್ರ, ಅದನ್ನು ಹಾರಿಸಲು ನುರಿತ ಕೈ ಬೇಕು ಎಂಬುದನ್ನೂ ಸೇರಿಸಿ ಓದಿಕೊಳ್ಳಬೇಕು.

ಕುಷ್ಟಗಿಯವರ ವಿಷಯದಲ್ಲಿ ನನ್ನ ಆತಂಕ ಬೇರೆ. ಗಿಳಿಗಳು ನಿಮ್ಮ ಹೊಲದಿಂದ ಎದ್ದವೆಂದರೆ ಹಸಿವು ನೀಗಿತೆಂದಲ್ಲ, ಅವು ಪಕ್ಕದ ಹೊಲಕ್ಕೆ ಇಳಿಯುತ್ತವೆ. ನೀವು ನಾಲ್ವರು ನಾಲ್ಕು ದಿಕ್ಕಿನಲ್ಲಿ, ಬೇರೆ ಬೇರೆ ವಾರಗಳಲ್ಲಿ ಬಿತ್ತಿದ್ದರೆ ಒಂದೇ ಡ್ರೋನ್ ಅವನ್ನು ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಅಟ್ಟುತ್ತಿರುತ್ತದೆ. ಸುತ್ತಲೂ ಬೇರೆ ಬೆಳೆ ಇದ್ದು ನಡುವೆ ಒಂಟಿಯಾಗಿ, ಎಲ್ಲರಿಗಿಂತ ಮೊದಲು ಮಾಗುವ ಸೂರ್ಯಕಾಂತಿಗೆ ಬೀಳುವ ಪೆಟ್ಟು ಯಾವಾಗಲೂ ಹೆಚ್ಚು. ನಾಲ್ವರೂ ಒಂದೇ ವಾರದಲ್ಲಿ ಬಿತ್ತಿದರೆ ಕಾಳು ಹಾಲುಗಟ್ಟುವುದರಿಂದ ಒಣಗುವವರೆಗಿನ ಆ ಮೂರು ವಾರ ಎಲ್ಲರಿಗೂ ಒಟ್ಟಿಗೇ ಬರುತ್ತದೆ. ಆಗ ಕಾವಲು ಕಾಯಬೇಕಾದ ದಿನಗಳೂ ಕಡಿಮೆ, ಹಾನಿಯೂ ಹಂಚಿಹೋಗುತ್ತದೆ. ಡ್ರೋನ್ ಕೊಳ್ಳುವ ಮುನ್ನ ಈ ಒಪ್ಪಂದ ಆಗಬೇಕು ಎಂಬುದು ನನ್ನ ಅಭಿಪ್ರಾಯ.

ಶಿರಾ ತೋಟ

ಮೇಡಂ, ಆನ್‌ಲೈನ್ ಅಂಗಡಿಗಳಲ್ಲಿ ಅಲ್ಟ್ರಾಸಾನಿಕ್ ಹಕ್ಕಿ ನಿವಾರಕ ಎಂಬ ಪೆಟ್ಟಿಗೆ ಸಿಗುತ್ತದೆ. ಮನುಷ್ಯರಿಗೆ ಕೇಳಿಸದ ಶಬ್ದ ಹೊರಡಿಸಿ ಹಕ್ಕಿಗಳನ್ನು ಓಡಿಸುತ್ತದಂತೆ. ಸೌರಫಲಕವೂ ಇದೆ. ಡ್ರೋನಿಗಿಂತ ಬಹಳ ಅಗ್ಗ. ಇದು ಆಗುತ್ತದೆಯೇ?

ಧಾರವಾಡ ಪಕ್ಷಿವೀಕ್ಷಕಿ

ಆಗುವುದಿಲ್ಲ. ಹಕ್ಕಿಗಳ ಕಿವಿ ಒಂದರಿಂದ ನಾಲ್ಕು ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ ಚುರುಕಾಗಿರುತ್ತದೆ, ಹತ್ತರ ಮೇಲಿನದು ಹೆಚ್ಚಿನ ಹಕ್ಕಿಗಳಿಗೆ ಕೇಳಿಸುವುದೇ ಇಲ್ಲ. ಅಲ್ಟ್ರಾಸಾನಿಕ್ ಎನ್ನುವುದು 20 ಕಿಲೋಹರ್ಟ್ಸ್‌ನಿಂದ ಮೇಲಿನ ಶಬ್ದ. ಅಂದರೆ ನಮಗೆ ಕೇಳಿಸದ ಆ ಶಬ್ದ ಹಕ್ಕಿಗೂ ಕೇಳಿಸದು. ಕೇಳಿಸಿದರೆ ನಾಯಿಗೋ ಬಾವಲಿಗೋ ಕೇಳಿಸೀತು.

ಕೇಳಿಸುವ ಶಬ್ದವನ್ನೇ ಬಳಸುವುದಾದರೆ ಗಿಳಿಗೆ ಗಿಳಿಯದೇ ಆರ್ತ ಕೂಗು ಬೇಕು, ಗೊರವಂಕಕ್ಕೆ ಗೊರವಂಕದ್ದೇ ಬೇಕು. ಅದನ್ನು ಹಕ್ಕಿ ಬಂದಾಗ ಮಾತ್ರ, ಬೇರೆ ಬೇರೆ ಜಾಗದಿಂದ, ಸ್ವಲ್ಪ ಹೊತ್ತು ಮಾತ್ರ ಕೇಳಿಸಬೇಕು. ಬೆಳಗಿನಿಂದ ಸಂಜೆಯವರೆಗೂ ಹಾಕಿಬಿಟ್ಟರೆ ಅದು ಹೊಲದ ಮಾಮೂಲಿ ಸದ್ದಾಗಿಬಿಡುತ್ತದೆ. ಧ್ವನಿವರ್ಧಕಕ್ಕೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ನಿಷೇಧವಿದೆ ಎಂಬುದೂ ನೆನಪಿರಲಿ. ನಸುಕಿನಲ್ಲೇ ಗಿಳಿ ಬರುತ್ತದೆಂದು ಐದಕ್ಕೇ ಶುರು ಮಾಡುವಂತಿಲ್ಲ.

ಬ್ಯಾಡಗಿ ಹಿರಿಯ

ನಾನು ಈಗ ಹೊಲಕ್ಕೆ ಹೋಗುವುದು ಕಡಿಮೆ, ಮಗ ನೋಡಿಕೊಳ್ಳುತ್ತಾನೆ. ಆದರೂ ಕಾವಲಿನ ವಿಷಯದಲ್ಲಿ ಎರಡು ಮಾತು ಹೇಳುವ ಮನಸ್ಸಾಯಿತು. ನಮ್ಮ ಕಾಲದಲ್ಲಿ ಜೋಳ ಸೀತನಿಗೆ, ಅಂದರೆ ಹಸಿ ತೆನೆಯ ಹದಕ್ಕೆ, ಬಂದಾಗ ಮಂಚಿಕೆಯ ಮೇಲೆ ಕುಳಿತವನ ಕೈಯಲ್ಲಿ ಕವಣೆ ಇರುತ್ತಿತ್ತು, ಪಕ್ಕದಲ್ಲಿ ಒಡೆದ ಡಬ್ಬ ಇರುತ್ತಿತ್ತು. ಕವಣೆಯ ಕಲ್ಲು ಹಕ್ಕಿಗೆ ತಾಗುತ್ತಿದ್ದದ್ದು ಅಪರೂಪ. ಅದು ಬೀಸಿ ಬರುವ ಸಪ್ಪಳಕ್ಕೇ ಹಕ್ಕಿ ಏಳುತ್ತಿತ್ತು, ಮೇಲಾಗಿ ಕಲ್ಲು ಯಾವಾಗ, ಯಾವ ಕಡೆಗೆ ಬರುತ್ತದೆಂದು ಅದಕ್ಕೆ ತಿಳಿಯುತ್ತಿರಲಿಲ್ಲ. ಬೆದರುಬೊಂಬೆಯನ್ನು ನಿಲ್ಲಿಸಿದವರೂ ಬುದ್ಧಿವಂತರಾಗಿದ್ದರೆ ಮೂರು ದಿನಕ್ಕೊಮ್ಮೆ ಅದರ ಜಾಗ ಬದಲಿಸುತ್ತಿದ್ದರು, ಅಂಗಿ ಬದಲಿಸುತ್ತಿದ್ದರು, ಒಮ್ಮೊಮ್ಮೆ ಅದೇ ಅಂಗಿ ತೊಟ್ಟು ತಾವೇ ಅಲ್ಲಿ ನಿಂತು ಏಕಾಏಕಿ ಕೂಗು ಹಾಕುತ್ತಿದ್ದರು. ಬದಲಿಸದೆ ಬಿಟ್ಟ ಬೊಂಬೆಯ ತಲೆಯ ಮಡಕೆಯ ಮೇಲೆ ಗೊರವಂಕ ಕುಳಿತಿರುವುದನ್ನು ಯಾರು ನೋಡಿಲ್ಲ? ಮೇಡಂ ಅವರು ಹೇಳಿದ ವಿದೇಶದ ಸಂಶೋಧನೆಗಳೂ ಇದನ್ನೇ ಹೇಳುತ್ತಿವೆ ಎಂದು ನನಗೆ ತೋರುತ್ತದೆ.

ಈಗಿನವರು ಮಂಗ, ಹಂದಿಗಳಿಗೆಂದು ತರುವ ಪೈಪಿನ ಕಾರ್ಬೈಡ್ ಗನ್ನನ್ನು ಹಕ್ಕಿಗೂ ಹಾರಿಸುತ್ತಾರೆ. ಸದ್ದು ದೊಡ್ಡದೇ, ಆದರೆ ಹಕ್ಕಿಗಳು ಕೆಲವೇ ದಿನಗಳಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತವೆ. ಗನ್ನು ಸಿಡಿಯದಿದ್ದಾಗ ಪೈಪಿನೊಳಗೆ ಇಣುಕಿ ನೋಡುವವರ ಕಣ್ಣಿಗಂತೂ ಅದು ಅಪಾಯ. 2025ರ ದೀಪಾವಳಿಯಲ್ಲಿ ಭೋಪಾಲ ಮತ್ತು ಸುತ್ತಲಿನ ಊರುಗಳಲ್ಲಿ ಎಷ್ಟು ಮಕ್ಕಳು ಇದೇ ಸಾಧನದಿಂದ ಕಣ್ಣಿಗೆ ಪೆಟ್ಟು ಮಾಡಿಕೊಂಡರೆಂದು ಪತ್ರಿಕೆಗಳಲ್ಲಿ ಓದಿದ್ದೇವೆ. ಅದನ್ನು ಮನೆಯಲ್ಲೇ ಇಟ್ಟುಕೊಳ್ಳಬೇಡಿ.

ದಾವಣಗೆರೆ ಡ್ರೋನ್ ಪೈಲಟ್

ಹಿರಿಯರಿಗೆ ನಮಸ್ಕಾರ. ಕೊಳ್ಳುವ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಕಡೆ ಬಹಳ ಜನ ನಿಯಮ ತಿಳಿಯದೆ ಹಣ ಕಳೆದುಕೊಳ್ಳುತ್ತಿದ್ದಾರೆ.

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ, ಅಲ್ಲಿಂದ 2 ಕಿಲೋವರೆಗಿನದು ಮೈಕ್ರೋ, 2ರಿಂದ 25 ಕಿಲೋವರೆಗಿನದು ಸಣ್ಣ ವರ್ಗ. ಹಕ್ಕಿ ಕಾಯಲು ನಿಮಗೆ ಬೇಕಾದದ್ದು ಮೈಕ್ರೋ ವರ್ಗದೊಳಗೇ ಸಿಗುತ್ತದೆ. ಮೈಕ್ರೋ ಡ್ರೋನನ್ನು ವಾಣಿಜ್ಯವಲ್ಲದ ಉದ್ದೇಶಕ್ಕೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಕಡ್ಡಾಯವಲ್ಲ. ಆದರೆ ನಾಲ್ವರ ಹೊಲ ಬಿಟ್ಟು ಊರವರಿಗೆಲ್ಲ ಬಾಡಿಗೆಗೆ ಹಾರಿಸಲು ಹೊರಟರೆ ಅದು ವಾಣಿಜ್ಯವಾಗುತ್ತದೆ, ಆಗ ಪ್ರಮಾಣಪತ್ರ ಬೇಕು. ನೋಂದಣಿ ಮಾಡಿಸಿ ಗುರುತಿನ ಸಂಖ್ಯೆ ಪಡೆಯಬೇಕು, ಮೂರನೆಯವರಿಗೆ ಆಗುವ ಹಾನಿಗೆ ವಿಮೆ ಇರಬೇಕು. 2022ರ ಫೆಬ್ರುವರಿಯಿಂದ ವಿದೇಶಿ ಡ್ರೋನುಗಳ ಆಮದಿಗೆ ನಿಷೇಧವಿದೆ. ಬಿಲ್ಲಿಲ್ಲದೆ ಯಾರೋ ತಂದುಕೊಡುವ ವಿದೇಶಿ ಡ್ರೋನ್ ಅಗ್ಗವೆಂದು ಕೊಂಡರೆ ನೋಂದಣಿಯಲ್ಲಿಯೇ ಸಿಕ್ಕಿಬೀಳುತ್ತೀರಿ.

ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕಾಶೆಯಲ್ಲಿ ನಿಮ್ಮ ಹೊಲ ಹಸಿರು ವಲಯದಲ್ಲಿದೆಯೇ ಎಂದು ಮೊದಲು ನೋಡಿ. ಹಸಿರಾಗಿದ್ದರೆ 400 ಅಡಿಯವರೆಗೆ ಅನುಮತಿಯಿಲ್ಲದೆ ಹಾರಿಸಬಹುದು. ವಿಮಾನ ನಿಲ್ದಾಣದ ಸರಹದ್ದಿನಿಂದ 8ರಿಂದ 12 ಕಿಲೋಮೀಟರ್ ನಡುವೆ ಇದ್ದರೆ ಈ ಮಿತಿ 200 ಅಡಿ. ಅದಕ್ಕಿಂತ ಹತ್ತಿರವಿದ್ದರೆ ಅನುಮತಿ ಬೇಕು. ಹಕ್ಕಿಗೆ ನೂರಡಿಯ ಮೇಲೆ ಹಾರಿಸುವ ಅಗತ್ಯವೂ ಇಲ್ಲ.

ಬ್ಯಾಟರಿಯ ಲೆಕ್ಕ ಹೀಗಿದೆ: ಸಣ್ಣ ಡ್ರೋನ್ ಒಂದು ಬ್ಯಾಟರಿಗೆ ಇಪ್ಪತ್ತರಿಂದ ಮೂವತ್ತು ನಿಮಿಷ ಎಂದು ಡಬ್ಬದ ಮೇಲೆ ಬರೆದಿರುತ್ತದೆ, ಗಾಳಿಯಿರುವ ಬಯಲುಸೀಮೆಯಲ್ಲಿ ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಬೆಳಗಿನ ಎರಡು ಗಂಟೆ, ಸಂಜೆಯ ಎರಡು ಗಂಟೆ ಬಿಡದೆ ಆಕಾಶದಲ್ಲಿ ಇಡುತ್ತೇನೆಂದರೆ ಬ್ಯಾಟರಿಗಳ ರಾಶಿಯೇ ಬೇಕಾದೀತು, ಹಾಗೆ ಇಡುವುದೂ ತಪ್ಪು. ಹಿಂಡು ಬರುವ ದಿಕ್ಕಿನಲ್ಲಿ ಕಾದು, ಇಳಿಯುವ ಮುನ್ನವೇ ಎದುರಿಗೆ ಏರಿಸಿ, ಮೂರ್ನಾಲ್ಕು ನಿಮಿಷದಲ್ಲಿ ಇಳಿಸಿಬಿಡಿ. ತಿನ್ನಲು ಕುಳಿತ ಹಿಂಡನ್ನು ಎಬ್ಬಿಸುವುದಕ್ಕಿಂತ ಇನ್ನೂ ಕೂರದ ಹಿಂಡನ್ನು ತಿರುಗಿಸುವುದು ಸುಲಭ. ಇನ್ನೊಂದು ಮಾತು: ಹದ್ದುಗಳು ಕೆಲವೊಮ್ಮೆ ಡ್ರೋನಿನ ಮೇಲೆಯೇ ಎರಗುತ್ತವೆ. ಹದ್ದು ಮೇಲೆ ಸುತ್ತುವುದು ಕಂಡರೆ ತಕ್ಷಣ ಇಳಿಸಿ, ಹದ್ದೇ ಆ ಹೊತ್ತಿನ ನಿಮ್ಮ ಕಾವಲುಗಾರ.

ಗದಗ ವಕೀಲ

ಪೈಲಟ್ ಅವರು ವಿಮಾನಯಾನದ ನಿಯಮಗಳನ್ನು ಹೇಳಿದ್ದಾರೆ. ವನ್ಯಜೀವಿ ಕಾನೂನಿನ ಕಡೆಯೂ ಗಮನವಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಯ ವ್ಯಾಖ್ಯೆಯೊಳಗೆ ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲದೆ ಬೆನ್ನಟ್ಟುವುದು, ಅಟ್ಟುವುದು, ಗೂಡು ಮತ್ತು ಮೊಟ್ಟೆಗಳನ್ನು ಹಾಳುಮಾಡುವುದು ಕೂಡ ಸೇರಿವೆ. ನಿಮ್ಮ ಬೆಳೆಯ ಮೇಲೆ ಕುಳಿತ ಹಕ್ಕಿಯನ್ನು ಹುಶ್ ಎಂದು ಓಡಿಸುವುದಕ್ಕೂ, ಡ್ರೋನ್ ಹಿಡಿದುಕೊಂಡು ಊರಾಚೆಯ ಆಲದ ಮರದ ವರೆಗೆ ಹಿಂಡನ್ನು ಬೆನ್ನಟ್ಟಿ ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ. ನಿಮ್ಮ ಬದುವೇ ಡ್ರೋನಿನ ಗಡಿಯಾಗಿರಲಿ. ಗಿಳಿಗಳು ರಾತ್ರಿ ತಂಗುವ ಮರಗಳ ಬಳಿ, ಗೀಜಗನ ಗೂಡುಗಳಿರುವ ಬಾವಿಯ ಅಂಚಿನ ಜಾಲಿಯ ಬಳಿ ಅದನ್ನು ಒಯ್ಯಲೇಬಾರದು.

ನವಿಲಿನ ಬಗ್ಗೆ ಇಲ್ಲಿ ಯಾರೂ ಎತ್ತಿಲ್ಲ, ಆದರೆ ಹಾವೇರಿ, ಗದಗ ಕಡೆ ಅದರ ಕಾಟವೇ ಗಿಳಿಗಿಂತ ದೊಡ್ಡದು. ಅದು ರಾಷ್ಟ್ರಪಕ್ಷಿ, ಅತಿ ಹೆಚ್ಚು ರಕ್ಷಣೆ ಕೊಡುವ, ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಜೀವಿ. 2022ರ ತಿದ್ದುಪಡಿಯಿಂದ ಅನುಸೂಚಿಗಳ ಸಂಖ್ಯೆ ಆರರಿಂದ ನಾಲ್ಕಕ್ಕೆ ಇಳಿದರೂ ಅದರ ಸ್ಥಾನ ಬದಲಾಗಿಲ್ಲ. ಅದರ ವಿಷಯದಲ್ಲಿ ಯಾವ ಸಾಧನ ಬಳಸುವುದಿದ್ದರೂ ವಲಯ ಅರಣ್ಯಾಧಿಕಾರಿಗಳ ಗಮನಕ್ಕೆ ತಂದು, ಸಾಧ್ಯವಾದರೆ ಲಿಖಿತವಾಗಿ ತಿಳಿಸಿ ಮುಂದುವರಿಯುವುದು ಕ್ಷೇಮ.

ಬ್ಯಾಡಗಿ ಹಿರಿಯ

ವಕೀಲರ ಮಾತು ಸರಿ. ನವಿಲು ನಡೆದು ಬರುವ ಪ್ರಾಣಿ, ಡ್ರೋನ್ ಕಂಡರೆ ಹಾರುವ ಬದಲು ಬೆಳೆಯೊಳಗೇ ನುಸುಳುತ್ತದೆ. ನಮ್ಮವರು ಹೊಲದ ಸುತ್ತ ಹಳೆಯ ಸೀರೆ ಕಟ್ಟುತ್ತಾರೆ. ಕೆಲವು ದಿನವಾದರೂ ತಡೆಯುತ್ತದೆ.

ಯಲಹಂಕ ನಿವಾಸಿ

ನಾನು ಬೇಸಾಯಗಾರನಲ್ಲ. ಆದರೂ ಒಂದು ಉದಾಹರಣೆ ಇಲ್ಲಿಗೆ ಹೊಂದುತ್ತದೆಂದು ಬರೆಯುತ್ತಿದ್ದೇನೆ. ಏರೋ ಇಂಡಿಯಾ ವಿಮಾನ ಪ್ರದರ್ಶನ ಬಂದಾಗಲೆಲ್ಲ ನಮ್ಮ ವಾಯುನೆಲೆಯ ಸುತ್ತ ಮಾಂಸದಂಗಡಿಗಳನ್ನು ಮುಚ್ಚಿಸುತ್ತಾರೆ. 2023ರಲ್ಲಿ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ, 2025ರಲ್ಲಿ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮುಚ್ಚಿಸಿದ್ದರು. ಹದ್ದುಗಳನ್ನು ಬೆದರಿಸಲು ಬೇಕಾದ ಸಾಧನಗಳೆಲ್ಲ ಇರುವ ಕಡೆಯಲ್ಲೂ ಅವಕ್ಕೆ ತಿನ್ನಲು ಸಿಗುವ ತ್ಯಾಜ್ಯವನ್ನು ಮೊದಲು ತಪ್ಪಿಸುತ್ತಾರೆ. ಹೊಲದಲ್ಲಿ ಬೆಳೆಯನ್ನೇ ಮುಚ್ಚಿಡಲಾಗದು ನಿಜ, ಆದರೆ ಹಕ್ಕಿಗೆ ಸುಲಭವಾಗಿ ಸಿಗದಂತೆ ಮಾಡುವ ಉಪಾಯಗಳು ಇರಬೇಕಲ್ಲವೇ?

ಧಾರವಾಡ ಪಕ್ಷಿವೀಕ್ಷಕಿ

ಇವೆ. ಹೂ ನೆಲದ ಕಡೆಗೆ ಪೂರ್ತಿ ಬಾಗುವ ಸೂರ್ಯಕಾಂತಿ ತಳಿಗಳಲ್ಲಿ ಗಿಳಿಗೆ ಕಾಲೂರಲು ಕಷ್ಟ, ಆದ್ದರಿಂದ ಹಾನಿ ಕಡಿಮೆ. ಜೋಳದಲ್ಲಿಯೂ ತೆನೆಯ ಕತ್ತು ಬಾಗಿರುವ, ಮುಳ್ಳುಗೂದಲಿರುವ ತಳಿಗಳನ್ನು ಹಕ್ಕಿಗಳು ಕಡಿಮೆ ಮುಟ್ಟುತ್ತವೆ. ಮೆಕ್ಕೆಜೋಳದಲ್ಲಿ ಹಾನಿ ಹೆಚ್ಚಾಗಿ ಅಂಚಿನ ಸಾಲುಗಳಲ್ಲೇ ಆಗುವುದರಿಂದ ಹೊರಗಿನ ಎರಡು ಮೂರು ಸಾಲುಗಳ ತೆನೆಗೆ ಅದೇ ಗಿಡದ ಹಸಿರೆಲೆ ಸುತ್ತಿ ಮರೆಮಾಡುವ ಪದ್ಧತಿ ಇದೆ. ಕೂಲಿ ಬೇಕು, ಆದರೆ ಒಮ್ಮೆ ಮಾಡಿದರೆ ಮುಗಿಯಿತು.

ಕಡಿಮೆ ಖರ್ಚಿನಲ್ಲಿ ಹೊಳೆಯುವ ಪಟ್ಟಿಯನ್ನು ಮರೆಯಬಾರದು. ಒಂದು ಬದಿ ಕೆಂಪು, ಇನ್ನೊಂದು ಬದಿ ಬೆಳ್ಳಿಬಣ್ಣದ ಈ ಪಟ್ಟಿಯನ್ನು 1980ರ ದಶಕದಲ್ಲಿಯೇ ಭಾರತ, ಬಾಂಗ್ಲಾದೇಶ, ಫಿಲಿಪೈನ್ಸ್‌ಗಳ ಹೊಲಗಳಲ್ಲಿ ಪರೀಕ್ಷಿಸಲಾಗಿತ್ತು. ಎರಡು ಗೂಟಗಳ ನಡುವೆ ಅಲ್ಲಲ್ಲಿ ತಿರುಚಿ, ಬೆಳೆಗಿಂತ ತುಸು ಮೇಲೆ, ಗಾಳಿಗೆ ಅಡ್ಡಲಾಗಿ ಕಟ್ಟಬೇಕು. ಗಾಳಿ ಬೀಸಿದಾಗ ಮಿಂಚುವುದರ ಜೊತೆಗೆ ಗುಂಯ್ ಎಂಬ ಸದ್ದೂ ಮಾಡುತ್ತದೆ. ಸಾಲುಗಳ ನಡುವೆ ಮೂರು ಮೀಟರಿಗಿಂತ ಹೆಚ್ಚು ಅಂತರ ಬಿಟ್ಟಷ್ಟೂ ಫಲ ತಗ್ಗುತ್ತದೆ. ಬೆಳೆ ಹಾಲುಗಟ್ಟುವ ಮುನ್ನ ಕಟ್ಟಿದರೆ ಬೇಕಾಗುವ ಹೊತ್ತಿಗೆ ಹಕ್ಕಿಗಳಿಗೆ ಅದು ಹಳೆಯದಾಗಿರುತ್ತದೆ.

ದ್ರಾಕ್ಷಿಯವರಿಗೆ ಒಂದು ವಿನಂತಿ: ಮೀನಿನ ಬಲೆಯ ತೆಳ್ಳನೆಯ ಪ್ಲಾಸ್ಟಿಕ್ ದಾರವನ್ನು ಸಡಿಲವಾಗಿ ಹೊದಿಸಬೇಡಿ. ಅದರಲ್ಲಿ ಗೂಬೆ, ಬಿಜ್ಜು, ಹಾವುಗಳು ಸಿಕ್ಕಿ ಸಾಯುತ್ತವೆ, ಇಲಿ ಹಿಡಿಯುವ ಜೀವಿಗಳೂ ಅವೇ. ಕಣ್ಣಿಗೆ ಕಾಣುವ ಬಣ್ಣದ ದಪ್ಪ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿ.

ಕುಷ್ಟಗಿ ಬೆಳೆಗಾರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ನಾನು ಋಣಿ. ಸಂಜೆ ನಾಲ್ವರೂ ಕುಳಿತು ಇದನ್ನೆಲ್ಲ ಓದಿದೆವು. ಸಿಂಪಡಣೆಯ ಡ್ರೋನಿನ ಯೋಚನೆ ಕೈಬಿಟ್ಟಿದ್ದೇವೆ. ಮುಂದಿನ ಹಂಗಾಮಿಗೆ ಒಂದೇ ವಾರದಲ್ಲಿ ಬಿತ್ತುವುದಕ್ಕೆ ಮೂವರು ಒಪ್ಪಿದ್ದಾರೆ; ನಾಲ್ಕನೆಯವರ ಹೊಲ ಎರೆಭೂಮಿ (ಕಪ್ಪು ಮಣ್ಣು), ಹಸಿ ಆರದೆ ಬಿತ್ತಲಾಗದು, ನಮ್ಮದು ಮಸಾರಿ (ಕೆಂಪು ಮಣ್ಣು). ಅವರಿಗಾಗಿ ಎಂಟು ಹತ್ತು ದಿನ ಕಾಯುವುದೋ ಬೇಡವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಹೊಳೆಯುವ ಪಟ್ಟಿಯನ್ನು ಅಂಚುಗಳಿಗೂ, ಗಿಳಿ ಬರುವ ಮೂಡಣ ದಿಕ್ಕಿಗೂ ಕಟ್ಟಿ, ಮೈಕ್ರೋ ಡ್ರೋನ್ ಒಂದನ್ನು ಕೊಳ್ಳುವುದೆಂದು ಸದ್ಯದ ತೀರ್ಮಾನ. ಪೈಲಟ್ ಅಣ್ಣಾವರೆ, ನಾಲ್ವರಲ್ಲಿ ಇಬ್ಬರು ಕಲಿತರೆ ಸಾಕೇ, ಎಲ್ಲರೂ ಕಲಿಯಬೇಕೇ?

ದಾವಣಗೆರೆ ಡ್ರೋನ್ ಪೈಲಟ್

ಇಬ್ಬರು ಚೆನ್ನಾಗಿ ಕಲಿತರೆ ಸಾಕು. ಆದರೆ ಹಾರಿಸುವವರ ಪಕ್ಕದಲ್ಲಿ ಆಕಾಶವನ್ನೇ ನೋಡುವ ಇನ್ನೊಬ್ಬರು ಇರಲೇಬೇಕು. ಹಾರಿಸುವವರ ಕಣ್ಣು ಪರದೆಯ ಮೇಲಿರುತ್ತದೆ, ವಿದ್ಯುತ್ ತಂತಿ, ಹದ್ದು, ಹಿಂಡು ಮೂರೂ ಅವರಿಗೆ ತಡವಾಗಿ ಕಾಣುತ್ತವೆ. ಎರೆಭೂಮಿಯವರಿಗೆ ಕಾಯುವುದೇ ಲೇಸೆಂದು ನನಗೆ ಅನಿಸುತ್ತದೆ. ಅವರ ಹೊಲ ಹಿಂದೆ ಬಿದ್ದರೆ ನಿಮ್ಮ ಮೂವರ ಕಟಾವಾದ ಮೇಲೆ ಇಡೀ ಹಿಂಡು ಅವರೊಬ್ಬರ ಮೇಲೆ ಬೀಳುತ್ತದೆ, ಆಗ ಡ್ರೋನಿನ ಸರದಿ, ಬ್ಯಾಟರಿಯ ಖರ್ಚು ಎಲ್ಲದರಲ್ಲೂ ನಿಮ್ಮ ನಡುವೆ ಮಾತು ಬರುತ್ತದೆ. ಕೊಳ್ಳುವ ಮುನ್ನ ಹೊಲದ ನಕಾಶೆ ಕಳುಹಿಸಿ, ತಂತಿಗಳು ಎಲ್ಲಿ ಹಾದಿವೆ ಎಂಬುದನ್ನು ಗುರುತು ಮಾಡಿ. ಎಲ್ಲಿ ನಿಂತು ಏರಿಸಬೇಕೆಂದು ಹೇಳುತ್ತೇನೆ.